ಫರಸಿ ಲಾರಿಯ ಕರಿ ಹೊಗೆ

1984ರಲ್ಲಿ ಸುಲೇಪೇಟದಿಂದ ಕಾಕಾನ ಟಾಟಾ ಲಾರಿಗೆ ಕ್ಲೀನರ್ ಆಗಿ ಹತ್ತಿದಾಗ ನಾನು ಕಲಿತ ಮೊದಲ ವಿದ್ಯೆ ಹೊಗೆ ನೋಡುವುದು. ಮುಂಜಾನೆ ಬಿಳಿ ಹೊಗೆ ಬಂದರೆ ಎಂಜಿನ್ ಇನ್ನೂ ಕಾದಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಕರಿ ಬಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ.

ನಮ್ಮ ಸೀಮೆಯ ಫರಸಿಗೆ, ಅಂದರೆ ನೆಲಕ್ಕೆ ಹಾಸುವ ಕಲ್ಲಿಗೆ, ದೂರದ ದಾರಿ ತೆರೆದದ್ದು ರೈಲು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಗಾಡಿ ಓಡಿದ್ದು 1874ರಲ್ಲಿ. ನಮ್ಮ ಕಾಲಕ್ಕೆ ಫರಸಿ ಲಾರಿ ಏರಿತ್ತು. ಶಹಾಬಾದಿನ ಖಣಿಯ ತಗ್ಗಿನಿಂದ ತುಂಬಿದ ಗಾಡಿ ಮೇಲೆ ಬರುವಾಗ ಫಸ್ಟ್ ಗೇರು, ಪೂರ್ತಿ ಒತ್ತಿದ ಎಕ್ಸಲರೇಟರು, ಮನುಷ್ಯ ನಡೆಯುವಷ್ಟು ವೇಗ. ಟರ್ಬೊ ಇಲ್ಲದ ಎಂಜಿನ್ನು, ತಾನೇ ಎಳೆದುಕೊಂಡಷ್ಟು ಗಾಳಿಯೇ ಗತಿ. ಕಲ್ಲು ಹೊರುವ ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಿದು ಸರಿದು ನಿಲ್ಲುತ್ತಿದ್ದರು. ಅವರ ಕೆಮ್ಮು ನನಗೆ ಈಗಲೂ ಕೇಳಿಸುತ್ತದೆ.

ಒಮ್ಮೆ ಊಟಿಗೆ ಫರಸಿ ಹೇರಿಕೊಂಡು ಹೋದೆವು. ಗೂಡಲೂರು ದಾಟಿ ಘಾಟ್ ಏರುತ್ತಿದ್ದಂತೆ ಹಿಂದಿನ ರಸ್ತೆಯೇ ಕಾಣದಷ್ಟು ಹೊಗೆ.

“ಕಾಕಾ, ಪಂಪ್ ಕೆಟ್ಟಾದೇನು?”

“ಪಂಪ್ ಛಲೋ ಅದ. ಇಲ್ಲಿ ಗಾಳೀನೇ ತೆಳ್ಳಗ ಅದ, ತಮ್ಮಾ.”

ನಮ್ಮ ಸೀಮೆ ಸಮುದ್ರಮಟ್ಟದಿಂದ 400–500 ಮೀಟರ್ ಎತ್ತರದಲ್ಲಿದೆ. ಊಟಿ 2,240 ಮೀಟರ್. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಪಂಪಿಗೆ ಅದು ಗೊತ್ತಿಲ್ಲ, ಎಂದಿನಷ್ಟೇ ಡೀಸೆಲ್ ಸುರಿಯುತ್ತದೆ. ಉರಿಯದೆ ಉಳಿದ ಇಂಗಾಲ ಮಸಿಯಾಗುತ್ತದೆ. ಕಾಕಾ ಕಾಲು ಸಡಿಲಿಸಿ, ನಿಧಾನಕ್ಕೆ ಹತ್ತಿಸಿದ. ಕೆಲವರು ತದ್ವಿರುದ್ಧ: ಎಳೆತ ಸಾಲದೆಂದು ಪಂಪಿನ ಸೀಲ್ ಒಡೆದು ಡೀಸೆಲ್ ಹೆಚ್ಚಿಸಿಕೊಳ್ಳುತ್ತಿದ್ದರು. ಊರಿಗೆ ಮರಳಿದ ಮೇಲೂ ಅದನ್ನು ಇಳಿಸುತ್ತಿರಲಿಲ್ಲ.

1968ರಲ್ಲಿ ವಾಡಿಯಲ್ಲಿ ಎಸಿಸಿ, ಎಂಬತ್ತರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದ ಮೇಲೆ ಲಾರಿ ಸಾಲು ಬೆಳೆಯಿತು. ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-4 ನಿಯಮ ದೇಶವಿಡೀ 2017ರಲ್ಲಿ, ಬಿಎಸ್-6 2020ರಲ್ಲಿ ಬಂತು. ಡೀಸೆಲ್ಲಿನ ಗಂಧಕ ಹತ್ತು ಲಕ್ಷದಲ್ಲಿ 10 ಪಾಲಿಗೆ ಇಳಿಯಿತು. ಹೊಸ ಲಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಯೂರಿಯಾ ಟ್ಯಾಂಕೂ ಇದೆ. ಯೂರಿಯಾ ಇರುವುದು ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು. ಎಂಜಿನ್ನಿನೊಳಗಿನ ಕಡುಬಿಸಿಯಲ್ಲಿ ಹುಟ್ಟುವ ಅವನ್ನು ಬಣ್ಣ ನೋಡಿ ಹಿಡಿಯಲು ನನಗಾಗಲಿ ಕಾಕಾನಿಗಾಗಲಿ ಸಾಧ್ಯವಿರಲಿಲ್ಲ. ಸೈಲೆನ್ಸರ್ ಸುಮಾರು 200 ಡಿಗ್ರಿಗೆ ಕಾಯ್ದರೆ ಮಾತ್ರ ಯೂರಿಯಾದ ಕೆಲಸ ಸರಿಯಾಗಿ ನಡೆಯುತ್ತದೆ. ಕಾರ್ಖಾನೆ ಗೇಟಿನ ಮುಂದೆ ಎಂಜಿನ್ ಆರಿಸದೆ ತಾಸುಗಟ್ಟಲೆ ತೆವಳುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು?

ನನ್ನ ಸಂಕಟ ಹೊಗೆ ತಪಾಸಣೆಯದು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು ಹೊಗೆ ಅಳೆಯುತ್ತಾರೆ. ಮೇಲೆ ಹೇರು ಇರುವುದಿಲ್ಲ, ಮುಂದೆ ಏರು ಇರುವುದಿಲ್ಲ. ಅದೇ ಹಳೆಯ ಲಾರಿ ಪಾಸಾದ ಚೀಟಿ ಅಂಟಿಸಿಕೊಂಡು ಫರಸಿ ತುಂಬಲು ಖಣಿಗೆ ಇಳಿಯುತ್ತದೆ. ಅದು ಮೇಲೆ ಬರುವಾಗ ಹೆಣ್ಣುಮಕ್ಕಳು ಇವತ್ತಿಗೂ ಸೆರಗು ಮೂಗಿಗೆ ಹಿಡಿಯುತ್ತಾರೆ.