ಕೋಟ್ಲಾದ 705: ಸುಳ್ಳಾದ ಒಂದು ಭವಿಷ್ಯ

ದೊಡ್ಡ ಪಂದ್ಯದ ಫೈನಲ್ ಹತ್ತಿರ ಬಂತೆಂದರೆ ನಮ್ಮವರಲ್ಲಿ ಜ್ಯೋತಿಷಿಗಳಿಗೆ ಕೊರತೆಯಿಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ, ಚಾರ್ಟರ್ಡ್ ಬಸ್ಸಿನಲ್ಲಿ, ಸಂಘದ ಸಭೆ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಕೂಡಲೇ ಎರಡೂ ತಂಡಗಳ ಆಟಗಾರರನ್ನು ಬೆರಳು ಮಡಿಸಿ ಎಣಿಸುತ್ತಾರೆ, ತೂಗುತ್ತಾರೆ, ತೀರ್ಪು ಕೊಟ್ಟುಬಿಡುತ್ತಾರೆ. ಸುಳ್ಳಾದ ತೀರ್ಪುಗಳನ್ನು ಮರುದಿನವೇ ಮರೆಯುವುದು ವಾಡಿಕೆ. ಆದರೆ ದಿಲ್ಲಿಯ ಕನ್ನಡಿಗರು ಸುಲಭವಾಗಿ ಮರೆಯಲಾರದ್ದು ಒಂದಿದೆ. 1982ರ ಮಾರ್ಚ್ ತಿಂಗಳಲ್ಲಿ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಕರ್ನಾಟಕಕ್ಕೂ ದಿಲ್ಲಿಗೂ ನಡೆದ ರಣಜಿ ಟ್ರೋಫಿ ಫೈನಲ್ ಅದು.

ಓಖ್ಲಾದಿಂದ ಮಥುರಾ ರಸ್ತೆ ಹಿಡಿದು ಆಶ್ರಮ, ನಿಜಾಮುದ್ದೀನ್, ಪ್ರಗತಿ ಮೈದಾನಗಳನ್ನು ದಾಟಿ ಐಟಿಓ ಮುಟ್ಟಿದರೆ ಕೋಟ್ಲಾ ಬಂದಂತೆಯೇ. 2019ರಿಂದ ಅದಕ್ಕೆ ಅರುಣ್ ಜೇಟ್ಲಿ ಕ್ರೀಡಾಂಗಣವೆಂದು ಹೆಸರು. ಪಕ್ಕದಲ್ಲೇ ಫಿರೋಜ್ ಶಾ ತುಘಲಕ್ ಕಟ್ಟಿಸಿದ ಕೋಟೆಯ ಅವಶೇಷವಿದೆ, ಅವನು ಹದಿನಾಲ್ಕನೆಯ ಶತಮಾನದಲ್ಲಿ ತರಿಸಿ ನಿಲ್ಲಿಸಿದ ಅಶೋಕನ ಸ್ತಂಭವಿದೆ. ಗುರುವಾರಗಳಂದು ಜನ ಅಲ್ಲಿ ಬಂದು ಜಿನ್‌ಗಳಿಗೆ ಅರ್ಜಿ ಬರೆದಿಟ್ಟು ಹೋಗುತ್ತಾರೆ. ಒಂದೇ ಅರ್ಜಿಯ ಹಲವು ನಕಲುಗಳನ್ನು ಬೇರೆ ಬೇರೆ ಗೂಡುಗಳಲ್ಲಿ ಇಡುವವರೂ ಉಂಟು. ಸರ್ಕಾರಿ ಕಚೇರಿಯಲ್ಲಿ ದುಡಿಯುವ ನನಗೆ ಈ ಪದ್ಧತಿ ಬಲು ಪರಿಚಿತ!

ಆ ಫೈನಲಿಗೆ ಮುನ್ನ ಕರ್ನಾಟಕದ ಪರವಾಗಿ ಭವಿಷ್ಯ ನುಡಿಯುವವರ ಕೈಯಲ್ಲಿ ಏನೇನಿತ್ತು ಎಂಬುದನ್ನು ಮೊದಲು ನೋಡೋಣ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಹೊಸ ಹೆಸರಿನ ಮೊದಲ ಋತುವಿನಲ್ಲೇ, ಸತತ ಹದಿನೈದು ವರ್ಷ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ನಮ್ಮವರು ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕೆಡವಿದರು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದರು. 1978ರ ಫೈನಲ್ ನಮ್ಮ ದಿಲ್ಲಿಯ ಮಗ್ಗುಲಲ್ಲೇ ಆಯಿತು. ಗಾಜಿಯಾಬಾದಿನ ಮೋಹನ್ ನಗರದಲ್ಲಿ ಉತ್ತರ ಪ್ರದೇಶದ ಮೇಲೆ ಇನ್ನಿಂಗ್ಸ್ ಮತ್ತು 193 ರನ್ನುಗಳ ಜಯ.

ಮರುವರ್ಷ ಮಾತ್ರ ಬೆಂಗಳೂರಿಗೇ ಬಂದು ದಿಲ್ಲಿಯವರು ಬಿಷನ್ ಸಿಂಗ್ ಬೇಡಿಯವರ ನಾಯಕತ್ವದಲ್ಲಿ ನಮ್ಮನ್ನು 399 ರನ್ನುಗಳಿಂದ ಸೋಲಿಸಿ ತಮ್ಮ ಮೊಟ್ಟಮೊದಲ ಟ್ರೋಫಿ ಗೆದ್ದರು. ಅಂದರೆ 1982ರ ಪಂದ್ಯಕ್ಕೆ ಹಳೆಯ ಬಾಕಿಯೊಂದು ಅಂಟಿಕೊಂಡೇ ಇತ್ತು.

ಆ ವರ್ಷದ ಸೆಮಿಫೈನಲ್ ಬೇರೆ ಎಲ್ಲರ ತಲೆ ತಿರುಗಿಸಿತ್ತು. ಬೆಂಗಳೂರಿನಲ್ಲಿ ಮತ್ತೆ ಅದೇ ಬೊಂಬಾಯಿ. ಪುತ್ತೂರಿನ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರು ಹ್ಯಾಟ್ರಿಕ್ ಸಹಿತ 8 ವಿಕೆಟ್ ಉರುಳಿಸಿದ್ದರಿಂದ ಬೊಂಬಾಯಿ 271ಕ್ಕೆ ಮುಗಿಯಿತು. ಸುಧಾಕರ ರಾಯರ ಶತಕದ ಬಲದಿಂದ ಕರ್ನಾಟಕ 470 ಗಳಿಸಿತು. ಚೆಂಡು ಎಷ್ಟು ತಿರುಗುತ್ತಿತ್ತೆಂದರೆ, ಎರಡನೆಯ ಇನ್ನಿಂಗ್ಸಿನಲ್ಲಿ ಗಾವಸ್ಕರ್ ಅವರಂಥ ಬಲಗೈ ದಾಂಡಿಗ ಭಟ್ಟರ ಎದುರು ಎಡಗೈಯವರಂತೆ ನಿಂತು ಆಡಿದರು! ಒಂಬತ್ತು ವಿಕೆಟ್ ಹೋದ ಬೊಂಬಾಯಿ ಹೇಗೋ ಪೂರ್ಣ ಸೋಲಿನಿಂದ ಪಾರಾಯಿತು. ಪ್ರಸನ್ನ, ಚಂದ್ರಶೇಖರ್ ತಂಡದಲ್ಲಿಲ್ಲದಿದ್ದರೂ ಅವರ ಜಾಗ ತುಂಬುವವರು ಸಿಕ್ಕರು ಎಂಬ ಧೈರ್ಯ ಬರಲು ಇಷ್ಟು ಸಾಲದೇ?

ಕೋಟ್ಲಾದಲ್ಲಿ ಕರ್ನಾಟಕ ಮೊದಲು ಬ್ಯಾಟು ಹಿಡಿಯಿತು. ರೋಜರ್ ಬಿನ್ನಿ, ಬ್ರಿಜೇಶ್ ಪಟೇಲ್, ರಂಜಿತ್ ಖಾನ್ವಿಲ್ಕರ್, ಸೈಯದ್ ಕಿರ್ಮಾನಿ ಹೀಗೆ ನಾಲ್ಕು ಜನರ ಶತಕ. ಮೊತ್ತ 705. ವಾಚಕರಲ್ಲಿ ಕ್ರಿಕೆಟ್ ಗೊತ್ತಿಲ್ಲದವರಿಗಾಗಿ ಒಂದು ಮಾತು. ರಣಜಿ ಫೈನಲಿನಲ್ಲಿ ಎರಡೂ ತಂಡಗಳ ಎರಡೆರಡು ಇನ್ನಿಂಗ್ಸ್ ಮುಗಿದು ಇತ್ಯರ್ಥವಾಗದಿದ್ದರೆ, ಮೊದಲ ಇನ್ನಿಂಗ್ಸಿನಲ್ಲಿ ಹೆಚ್ಚು ರನ್ ಯಾರದೋ ಟ್ರೋಫಿ ಅವರದೇ. ಆದ್ದರಿಂದ ದಿಲ್ಲಿ ಗೆಲ್ಲಬೇಕಾದರೆ 706 ಹೊಡೆಯಬೇಕು. ಆ ಸಂಜೆ ಭವಿಷ್ಯ ಕೇಳಿದ್ದರೆ ಯಾರು ತಾನೇ ಬೇರೆ ಏನು ಹೇಳಿಯಾರು?

ಇಲ್ಲಿಯೇ ನನಗೆ ಈ ಪಂದ್ಯ ಕುತೂಹಲದ್ದಾಗಿ ಕಾಣುವುದು. ನಾವು ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುವ ಮೊದಲ ಪಾಠವೆಂದರೆ, ಅಳತೆ ಬಂದ ಮೇಲೆ ಅದು ಯಾವುದರ ಅಳತೆ ಎಂದು ಕೇಳಿಕೊಳ್ಳುವುದು. 705 ಎಂಬ ಸಂಖ್ಯೆಯನ್ನು ಕರ್ನಾಟಕದ ಬಲದ ಅಳತೆಯೆಂದು ಓದಬಹುದು. ಅದೇ ಸಂಖ್ಯೆಯನ್ನು ಕೋಟ್ಲಾದ ನೆಲದ ಅಳತೆಯೆಂದೂ ಓದಬಹುದಲ್ಲ? ಒಂದೇ ಪಿಚ್ಚಿನ ಮೇಲೆ ನಾಲ್ಕು ಜನ ಶತಕ ಹೊಡೆದರೆಂದರೆ, ಆ ಪಿಚ್ಚು ಚೆಂಡೆಸೆಯುವವನಿಗೆ ಏನನ್ನೂ ಕೊಡುತ್ತಿಲ್ಲವೆಂದು ಅರ್ಥ. ಬೆಂಗಳೂರಿನಲ್ಲಿ ಭಟ್ಟರಿಗೆ ನೆರವಾದ ತಿರುವು ರೈಲು ಹತ್ತಿ ಅವರ ಜೊತೆ ದಿಲ್ಲಿಗೆ ಬರುವುದಿಲ್ಲ. ಸೆಮಿಫೈನಲಿನ ಬೌಲಿಂಗ್ ಬಲವನ್ನೂ ಫೈನಲಿನ ಬ್ಯಾಟಿಂಗ್ ಮೊತ್ತವನ್ನೂ ಕೂಡಿಸಿ ಲೆಕ್ಕ ಹಾಕಿದವನು ಎರಡು ಊರಿನ ಮಣ್ಣನ್ನು ಒಂದೇ ತಕ್ಕಡಿಗೆ ಹಾಕಿದಂತಾಯಿತು.

ದಿಲ್ಲಿಯ ಪರ ಮೊಹಿಂದರ್ ಅಮರನಾಥ್ 185 ಹೊಡೆದರು. ಗುರುಶರಣ್ ಸಿಂಗ್ 101. ಆದರೂ 589ಕ್ಕೆ ಎಂಟನೆಯ ವಿಕೆಟ್ ಬಿತ್ತು. ಮುನ್ನಡೆಗೆ ಇನ್ನೂ 117 ಬೇಕು, ಉಳಿದಿರುವುದು ಎರಡೇ ವಿಕೆಟ್. ಆಗ ಜೊತೆಯಾದವರು ಲೆಗ್ ಸ್ಪಿನ್ ಎಸೆಯುವ ರಾಕೇಶ್ ಶುಕ್ಲಾ ಮತ್ತು ವೇಗದ ಬೌಲರ್ ರಾಜೇಶ್ ಪೀಟರ್. ಇವರಿಬ್ಬರ ಬ್ಯಾಟಿಂಗನ್ನು ಪಂದ್ಯಕ್ಕೆ ಮುಂಚೆ ಯಾವ ಜ್ಯೋತಿಷಿಯೂ ಬೆರಳು ಮಡಿಸಿ ಎಣಿಸಿರಲಾರ. ಶುಕ್ಲಾ ಔಟಾಗದೆ 69, ಪೀಟರ್ ಔಟಾಗದೆ 67. ದಿಲ್ಲಿ 8 ವಿಕೆಟ್ಟಿಗೆ 707. ಟ್ರೋಫಿ ಕೋಟ್ಲಾದಲ್ಲೇ ಉಳಿಯಿತು.

ಕೊನೆಗೆ ಉಳಿದ ಅಂತರ ಎರಡೇ ಎರಡು ರನ್. ಎರಡೂ ತಂಡಗಳು ಸೇರಿ 1412 ರನ್ ಹೊಡೆದ ಮೇಲೆ ಎರಡು ರನ್ನಿನ ವ್ಯತ್ಯಾಸ! ಎಲ್ಲೋ ಬೌಂಡರಿಯ ಬಳಿ ಕಾಲು ಜಾರಿ ಬಿಟ್ಟ ಒಂದು ನಾಲ್ಕು ತಪ್ಪಿದ್ದರೆ ಎಂದು ಲೆಕ್ಕ ಹಾಕುತ್ತ ಕೂತರೆ ರಾತ್ರಿ ನಿದ್ದೆ ಬಾರದು. ನಿಜವಾಗಿ ನೋಡಿದರೆ, ಎರಡು ವಿಕೆಟ್ ಕೈಯಲ್ಲಿದ್ದ ದಿಲ್ಲಿ ಅಲ್ಲಿಗೆ ನಿಂತದ್ದು ಇನ್ನು ಆಡುವ ಅಗತ್ಯವಿರಲಿಲ್ಲ ಎಂಬುದಕ್ಕಾಗಿ. ಆದ್ದರಿಂದ ಎರಡು ರನ್ನಿನ ಸೋಲು ಎಂಬ ಸಮಾಧಾನ ಪೂರ್ತಿ ಸರಿಯಲ್ಲ.

ಓಖ್ಲಾದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದ ನಮ್ಮ ಹಿರಿಯರೊಬ್ಬರು ಕೊನೆಯ ದಿನ ರಜೆ ಹಾಕಿ ಮಗನನ್ನು ಕರೆದುಕೊಂಡು ಆ ಪಂದ್ಯಕ್ಕೆ ಹೋಗಿದ್ದರಂತೆ. ಹುಡುಗ ಆರನೆಯ ತರಗತಿ, ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯಲ್ಲೇ. ಶುಕ್ಲಾ ಬೌಂಡರಿ ಹೊಡೆದಾಗ ಸುತ್ತಲಿನವರ ಜೊತೆ ಅವನೂ ಎದ್ದು ನಿಂತು ಚಪ್ಪಾಳೆ ತಟ್ಟಿದನಂತೆ. "ಸಿಟ್ಟು ಬಂತು, ಆದರೆ ಬಯ್ಯುವುದು ಯಾವ ನ್ಯಾಯದ ಮೇಲೆ ಹೇಳಿ? ಅವನಿಗೆ ಅದು ತನ್ನ ಊರಿನ ತಂಡ. ನನಗೆ ನನ್ನ ಊರಿನದು. ಬಸ್ಸು ಆಶ್ರಮ ದಾಟುವವರೆಗೆ ನಾನೂ ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ," ಎನ್ನುತ್ತಾರೆ ಅವರು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮಲ್ಲಿ ಬಹಳ ಜನಕ್ಕೆ ಈ ಮೌನದ ಪರಿಚಯವಿದ್ದೀತು. ಮನೆಯಲ್ಲಿ ಯಾವ ಭಾಷೆ ಎಂಬುದನ್ನು ನಾವು ತೀರ್ಮಾನಿಸಬಹುದು. ಮಗು ಯಾರಿಗೆ ಚಪ್ಪಾಳೆ ತಟ್ಟುತ್ತದೆ ಎಂಬುದನ್ನು ತೀರ್ಮಾನಿಸುವುದು ಅದು ಆಡಿ ಬೆಳೆದ ಬೀದಿ.

ಆ ಸೋಲು ಕಂಡ ತಂಡದ ಮೇಲೆ ಮರುವರ್ಷ ಪಣ ಕಟ್ಟುವವರು ಕಡಿಮೆ ಇದ್ದಿರಬೇಕು. 1983ರ ಫೈನಲ್ ಬೊಂಬಾಯಿಯಲ್ಲಿ, ಬೊಂಬಾಯಿಯ ವಿರುದ್ಧವೇ. ಅವರು ಮೊದಲು ಆಡಿ 534 ಹೊಡೆದರು. ಹಿಂದಿನ ವರ್ಷದ ಕೋಟ್ಲಾದ ಲೆಕ್ಕವೇ ಈಗ ತಿರುವುಮುರುವಾಗಿ ನಮ್ಮವರ ಮುಂದೆ ಬಂದು ನಿಂತಿತ್ತು. ಬ್ರಿಜೇಶ್ ಪಟೇಲರ ನಾಯಕತ್ವದ ಕರ್ನಾಟಕ 551 ಗಳಿಸಿ, ಹದಿನೇಳು ರನ್ನುಗಳ ಮುನ್ನಡೆಯಿಂದ ಟ್ರೋಫಿಯನ್ನು ಬೆಂಗಳೂರಿಗೆ ಒಯ್ದಿತು.