ಐನೂರು ಜನ ಒಂದು ಸಾಮ್ರಾಜ್ಯ ಉರುಳಿಸಿದ್ರಾ? ತೆನೋಚ್ತಿತ್ಲಾನ್, 1521

ಅಜ್ಟೆಕ್ ಅಂದ ಕೂಡಲೇ ಎಲ್ಲ ಕಡೆ ಕೇಳಿಬರೋ ಪ್ರಶ್ನೆ ಒಂದೇ. ಐನೂರು ಚಿಲ್ಲರೆ ಸ್ಪೇನಿಗರು ಲಕ್ಷಾಂತರ ಜನರ ಸಾಮ್ರಾಜ್ಯವನ್ನ ಎರಡೂವರೆ ವರ್ಷದೊಳಗೆ ಹೇಗೆ ಉರುಳಿಸಿದ್ರು? ಉತ್ತರಗಳೂ ರೆಡಿ ಇರ್ತವೆ. ಕುದುರೆ, ತುಪಾಕಿ, ಉಕ್ಕಿನ ಕತ್ತಿ. ಇಲ್ಲಾಂದ್ರೆ, ಪಾಪ ಆ ರಾಜ ಬಂದವರನ್ನ ದೇವರು ಅಂದ್ಕೊಂಡುಬಿಟ್ಟ.

ನನ್ನ ಪ್ರಕಾರ ಪ್ರಶ್ನೆಯಲ್ಲೇ ತಪ್ಪಿದೆ. ಆ ಸಾಮ್ರಾಜ್ಯವನ್ನ ಉರುಳಿಸಿದ್ದು ಬಹುಪಾಲು ಅಕ್ಕಪಕ್ಕದ ಊರುಗಳವರೇ. ಅವರು ಯಾಕೆ ಹಾಗೆ ಮಾಡಿದ್ರು, ಕೊನೆಗೆ ಅವರಿಗೆ ಸಿಕ್ಕಿದ್ದೇನು ಅನ್ನೋದೇ ಇವತ್ತಿನ ಮಾತು.

ಕಪ್ಪದ ಸಾಮ್ರಾಜ್ಯ

ಮೊದಲು ಹೆಸರು. 'ಅಜ್ಟೆಕ್' ಅನ್ನೋದು ಪುಸ್ತಕಗಳಲ್ಲಿ ಆಮೇಲೆ ರೂಢಿಗೆ ಬಂದ ಹೆಸರು. ರಾಜಧಾನಿಯ ಜನ ತಮ್ಮನ್ನ ಮೆಷೀಕಾ ಅಂತ ಕರೆದುಕೊಳ್ತಿದ್ರು. ಅವರ ಭಾಷೆ ನಾವಾತ್ಲ್. ನಾವು ದಿನಾ ಹೇಳೋ ಟೊಮ್ಯಾಟೊ, ಚಾಕಲೇಟ್ ಎರಡೂ ಅಲ್ಲಿಂದಲೇ ಬಂದ ಪದಗಳು.

ಅವರ ರಾಜಧಾನಿ ತೆನೋಚ್ತಿತ್ಲಾನ್ ಇದ್ದದ್ದು ಒಂದು ಸರೋವರದ ನಡುವೆ. ದಡಕ್ಕೆ ಹೋಗೋಕೆ ನೀರಿನ ಮೇಲೆ ಕಟ್ಟಿದ ಏರಿರಸ್ತೆಗಳು. ಚಪುಲ್ತೆಪೆಕ್ ಗುಡ್ಡದಿಂದ ಕುಡಿಯುವ ನೀರು ತರೋ ಕಾಲುವೆ. ಸರೋವರದ ಅಂಚಿನಲ್ಲಿ ಕೆಸರು ಪೇರಿಸಿ ಮಾಡಿದ ತರಕಾರಿ ಮಡಿಗಳು. ಆಗಿನ ಯುರೋಪಿನ ಹೆಚ್ಚಿನ ನಗರಗಳಿಗಿಂತ ದೊಡ್ಡ ಊರು ಅದು.

1428ರಲ್ಲಿ ತೆನೋಚ್ತಿತ್ಲಾನ್, ತೆಷ್ಕೋಕೊ, ತ್ಲಕೋಪಾನ್ ಅನ್ನೋ ಮೂರು ಊರುಗಳು ಒಪ್ಪಂದ ಮಾಡಿಕೊಂಡು ಸುತ್ತಲಿನವರನ್ನ ಗೆಲ್ಲುತ್ತಾ ಹೋದವು. ಗೆದ್ದ ಮೇಲೆ ಸಾಮಾನ್ಯವಾಗಿ ಅಲ್ಲಿನ ಅರಸನನ್ನ ಹಾಗೇ ಬಿಡ್ತಿದ್ರು, ಕಪ್ಪ ಮಾತ್ರ ತಪ್ಪದೆ ಬರಬೇಕು. ಹತ್ತಿ ಬಟ್ಟೆ, ಜೋಳ, ಕೊಕೊ ಬೀಜ, ಬಣ್ಣದ ಗರಿ, ಚಿರತೆಯಂಥ ಜಾಗ್ವಾರ್‌ನ ಚರ್ಮ. ಯುದ್ಧದಲ್ಲಿ ಸಿಕ್ಕ ಸೆರೆಯಾಳುಗಳನ್ನ ದೊಡ್ಡ ದೇವಸ್ಥಾನದ ಮೆಟ್ಟಿಲ ಮೇಲೆ ಬಲಿ ಕೊಡ್ತಿದ್ರು. ಇದನ್ನ ಮುಚ್ಚಿಟ್ಟು ಕಥೆ ಹೇಳೋಕಾಗಲ್ಲ.

ಈ ಪದ್ಧತಿಯಲ್ಲಿ ಖರ್ಚು ಕಮ್ಮಿ, ಆದಾಯ ಜಾಸ್ತಿ. ಆದರೆ ಕಪ್ಪ ಕೊಡೋ ಊರು 'ನಾನೂ ಮೆಷೀಕಾ' ಅಂತ ಯಾವತ್ತೂ ಅಂದುಕೊಳ್ಳಲ್ಲ. ಹೆದರಿಕೆ ಇರೋವರೆಗೆ ಕೊಡುತ್ತೆ, ಅಷ್ಟೇ.

ಕಪ್ಪ ಕೊಡದೇ ಉಳಿದ ಒಂದು ನಾಡೂ ಇತ್ತು. ಪೂರ್ವಕ್ಕಿದ್ದ ತ್ಲಾಷ್ಕಲಾ. ಸುತ್ತಲೂ ಮೆಷೀಕಾ ಹಿಡಿತದ ಊರುಗಳು, ಮಧ್ಯೆ ಇವರು. ವ್ಯಾಪಾರ ಬಂದ್. ಅಡುಗೆಗೆ ಉಪ್ಪಿಲ್ಲ, ಉಡೋಕೆ ಹತ್ತಿ ಇಲ್ಲ. ಇಂಥ ದಿಗ್ಬಂಧನದಲ್ಲೇ ತಲೆಮಾರುಗಳು ಕಳೆದಿದ್ದವು.

ಬಂದವರು

1519ರಲ್ಲಿ ಎರ್ನಾನ್ ಕೊರ್ತೆಸ್ ಕ್ಯೂಬಾದಿಂದ 11 ಹಡಗು, 16 ಕುದುರೆ, ಐನೂರಕ್ಕೂ ಸ್ವಲ್ಪ ಹೆಚ್ಚು ಜನರ ಜೊತೆ ಹೊರಟ. ಗವರ್ನರ್ ಬೇಡ ಅಂದ್ರೂ ಹೊರಟವನು. ಅಂದ್ರೆ ಸೋತು ವಾಪಸ್ ಹೋದ್ರೆ ಜೈಲೇ ಗತಿ. ಅವನ ಧೈರ್ಯದಲ್ಲಿ ಅರ್ಧ ಇದರಿಂದಲೇ ಬಂದದ್ದು.

ಕರಾವಳಿಯಲ್ಲಿ ಅವನಿಗೆ ಕಾಣಿಕೆಯಾಗಿ ಸಿಕ್ಕ ದಾಸಿಯರಲ್ಲಿ ಮಲಿನ್ತ್ಸಿನ್ ಒಬ್ಬಳು. ಹುಟ್ಟು ಭಾಷೆ ನಾವಾತ್ಲ್. ಸಣ್ಣವಳಿದ್ದಾಗಲೇ ಮಾಯಾ ನಾಡಿಗೆ ಮಾರಾಟವಾಗಿದ್ದರಿಂದ ಆ ಭಾಷೆಯೂ ಗೊತ್ತು. ಹಿಂದೆ ಹಡಗೊಡೆದು ಮಾಯಾ ಜನರ ನಡುವೆ ವರ್ಷಗಟ್ಟಲೆ ಇದ್ದ ಅಗಿಲಾರ್ ಅನ್ನೋ ಸ್ಪೇನಿಗ ಕೊರ್ತೆಸ್ ಜೊತೆ ಇದ್ದ. ಕೊರ್ತೆಸ್ ಸ್ಪ್ಯಾನಿಶ್‌ನಲ್ಲಿ ಹೇಳ್ತಿದ್ದ, ಅಗಿಲಾರ್ ಮಾಯಾಕ್ಕೆ ತಿರುಗಿಸ್ತಿದ್ದ, ಮಲಿನ್ತ್ಸಿನ್ ನಾವಾತ್ಲ್‌ಗೆ. ಸ್ವಲ್ಪ ದಿನದಲ್ಲಿ ಅವಳೇ ಸ್ಪ್ಯಾನಿಶ್ ಕಲಿತು ಮಧ್ಯದ ಕೊಂಡಿ ತೆಗೆದುಹಾಕಿದಳು. ಯಾವ ಊರಿಗೆ ಯಾರ ಮೇಲೆ ಸಿಟ್ಟಿದೆ ಅನ್ನೋ ಮಾಹಿತಿ ಕೊರ್ತೆಸ್‌ಗೆ ಹರಿದು ಬಂದದ್ದು ಈ ದಾರಿಯಲ್ಲೇ.

ತ್ಲಾಷ್ಕಲಾದವರು ಮೊದಲು ಅವನ ಮೇಲೆ ಯುದ್ಧಕ್ಕೇ ಹೋದ್ರು, ಜೋರಾಗೇ ಹೊಡೆದ್ರು. ಎರಡೂ ಕಡೆ ನಷ್ಟ ಆಯ್ತು. ಆಮೇಲೆ ಯೋಚನೆ ಮಾಡಿದ್ರು. ಇವರನ್ನ ಮುಗಿಸೋಕೆ ನಮ್ಮ ಜನ ಎಷ್ಟು ಸಾಯಬೇಕು? ಇದೇ ಜನ ಮೆಷೀಕಾ ವಿರುದ್ಧ ನಮ್ಮ ಪರ ಹೋರಾಡಿದ್ರೆ? ಅಲ್ಲಿಂದ ಮೈತ್ರಿ. 1519ರ ನವೆಂಬರ್ 8ರಂದು ಕೊರ್ತೆಸ್ ರಾಜಧಾನಿಗೆ ಕಾಲಿಟ್ಟಾಗ ಅವನ ಹಿಂದೆ ಸಾವಿರಾರು ತ್ಲಾಷ್ಕಲಾ ಯೋಧರಿದ್ರು.

ದೇವರ ಕಥೆ? ಕೊರ್ತೆಸ್ ತನ್ನ ರಾಜನಿಗೆ ಬರೆದ ಪತ್ರಗಳಲ್ಲಿ, ನನ್ನನ್ನ ದೇವರು ಅಂದುಕೊಂಡ್ರು ಅಂತ ಎಲ್ಲೂ ಹೇಳಿಲ್ಲ. ಹಾಗೆ ನಡೆದಿದ್ರೆ ಅವನಂಥವನು ಬಿಡ್ತಿದ್ನಾ? ಆ ಕಥೆ ಬಲ ಪಡೆದದ್ದು ದಶಕಗಳ ನಂತರ, ಸೋಲಿಗೆ ಕಾರಣ ಹುಡುಕೋ ಹೊತ್ತಲ್ಲಿ.

ಒಂದು ಸಭೆ

1520ರ ಮೇ ತಿಂಗಳಲ್ಲಿ ಕೊರ್ತೆಸ್ ಕರಾವಳಿಗೆ ಹೋಗಿದ್ದ. ಅವನನ್ನ ಹಿಡಿಯೋಕೆ ಕ್ಯೂಬಾದಿಂದ ಬಂದ ಇನ್ನೊಂದು ಸ್ಪ್ಯಾನಿಶ್ ಪಡೆಯನ್ನ ಎದುರಿಸಬೇಕಿತ್ತು. ಇತ್ತ ರಾಜಧಾನಿಯಲ್ಲಿ ಅವನ ಬಂಟ ಪೆದ್ರೊ ದೆ ಅಲ್ವರಾದೊ, ತೋಷ್ಕಾತ್ಲ್ ಹಬ್ಬದಲ್ಲಿ ಆಯುಧವಿಲ್ಲದೆ ಕುಣಿಯುತ್ತಿದ್ದವರನ್ನ ಕೊಚ್ಚಿಹಾಕಿದ. ಊರು ತಿರುಗಿಬಿತ್ತು. ಸೆರೆಯಲ್ಲಿದ್ದ ರಾಜ ಮೊಕ್ತೆಸುಮ ಸತ್ತ. ಜೂನ್ 30ರ ರಾತ್ರಿ ಸ್ಪೇನಿಗರು ಓಡಿಹೋಗುವಾಗ ಏರಿರಸ್ತೆಯ ಮೇಲೆ ಅವರಲ್ಲಿ ನೂರಾರು ಜನ, ಅವರಿಗಿಂತ ಹೆಚ್ಚು ತ್ಲಾಷ್ಕಲಾದವರು ಸತ್ತರು.

ನನಗೆ ಇಡೀ ಕಥೆಯ ತಿರುವು ಇಲ್ಲೇ ಕಾಣೋದು. ಕುದುರೆ, ತುಪಾಕಿ, ಉಕ್ಕು ಎಲ್ಲ ಇದ್ದೂ ಸೋತ ಜನ, ಗಾಯ ಮಾಡಿಕೊಂಡು, ತ್ಲಾಷ್ಕಲಾದ ಬಾಗಿಲಲ್ಲಿ ನಿಂತಿದ್ದಾರೆ. ಅದೇ ಹೊತ್ತಿಗೆ ಮೆಷೀಕಾ ದೂತರೂ ಬಂದ್ರು. ಹಳೇ ಜಗಳ ಬಿಡಿ, ಇವರನ್ನ ಸೇರಿ ಮುಗಿಸೋಣ ಅಂತ. ಯುವ ಸೇನಾಪತಿ ಶಿಕೊತೆಂಕಾತ್ಲ್ ಅದಕ್ಕೆ ಒಪ್ಪಿದ. ಹಿರಿಯ ಮಶಿಶ್ಕಾತ್ಸಿನ್ ಒಪ್ಪಲಿಲ್ಲ. ಸಭೆಯಲ್ಲಿ ದೊಡ್ಡ ಜಗಳವೇ ಆಯ್ತು. ಕೊನೆಗೆ ಹಿರಿಯರ ಮಾತು ನಡೀತು. ಅವರಿಗೆ ಗೊತ್ತಿದ್ದ ಶತ್ರು ಒಬ್ಬನೇ. ಉಪ್ಪು ನಿಲ್ಲಿಸಿದವನು, ಮಕ್ಕಳನ್ನ ಬಲಿಗೆ ಎಳೆದುಕೊಂಡು ಹೋದವನು. ಸಮುದ್ರದ ಆಚೆ ಇನ್ನೆಷ್ಟು ಹಡಗುಗಳಿವೆ ಅನ್ನೋದು ಆ ಸಭೆಯಲ್ಲಿ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ.

ರೋಗ, ಮುತ್ತಿಗೆ

ಕ್ಯೂಬಾದಿಂದ ಬಂದ ಆ ಎರಡನೇ ಪಡೆಯ ಜೊತೆಗೇ ಸಿಡುಬು ಬಂದಿತ್ತು. ಅಮೆರಿಕದ ಜನ ಹಿಂದೆಂದೂ ಕಾಣದ ರೋಗ, ಮೈಯಲ್ಲಿ ಯಾವ ಪ್ರತಿರೋಧವೂ ಇಲ್ಲ. ಹೊಸ ರಾಜ ಕ್ವಿತ್ಲಾವಾಕ್ ಸುಮಾರು 80 ದಿನ ಆಳಿ ಅದರಿಂದಲೇ ಸತ್ತ. ಇತ್ತ ಮಶಿಶ್ಕಾತ್ಸಿನ್ ಕೂಡ ಅದೇ ರೋಗಕ್ಕೆ ಬಲಿಯಾದ. ಸಿಡುಬು ಪಕ್ಷ ನೋಡಲಿಲ್ಲ.

ಮುಂದಿನ ವರ್ಷ ತೆಷ್ಕೋಕೊದ ಒಂದು ಬಣವೂ ಕೊರ್ತೆಸ್ ಕಡೆ ಬಂತು. ಅಲ್ಲಿ ದಾಯಾದಿಗಳ ಪಟ್ಟದ ಜಗಳ ಇತ್ತು. ತ್ಲಾಷ್ಕಲಾದಲ್ಲಿ ತಯಾರಾದ 13 ಸಣ್ಣ ಯುದ್ಧನೌಕೆಗಳನ್ನ ಬಿಡಿ ಬಿಡಿಯಾಗಿ ಸಾವಿರಾರು ಹಮಾಲರು ಬೆಟ್ಟ ದಾಟಿಸಿ ಸರೋವರಕ್ಕೆ ತಂದ್ರು. ಮೇ ಕೊನೆಯಿಂದ ಮುತ್ತಿಗೆ. ಚಪುಲ್ತೆಪೆಕ್ ಕಾಲುವೆ ಒಡೆದ್ರು, ಊಟ, ನೀರು ಎರಡೂ ನಿಂತವು. ಹೊಸ ರಾಜ ಕ್ವಾವ್ತೆಮೊಕ್ ಸೆರೆ ಸಿಕ್ಕಿದ್ದು 1521ರ ಆಗಸ್ಟ್ 13ರಂದು. ಮುತ್ತಿಗೆ ಹಾಕಿದವರಲ್ಲಿ ಸ್ಪೇನಿಗರು ಸಾವಿರದಷ್ಟೂ ಇರಲಿಲ್ಲ. ಸ್ಥಳೀಯ ಮಿತ್ರರು ಹತ್ತಾರು ಸಾವಿರ.

ಅದೇ ವರ್ಷ ರಾಯಚೂರಲ್ಲಿ

ಅವರು ದಡ್ಡರು, ಪರದೇಶಿಯವರನ್ನ ಮನೆಯೊಳಗೆ ಬಿಟ್ಕೊಂಡ್ರು ಅನ್ನೋರಿಗೆ ಒಂದು ಮಾತು. 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ತೋವಾಂವ್ ದೆ ಫಿಗೈರೆದೊ ಅನ್ನೋ ಪೋರ್ಚುಗೀಸನೂ ಅವನ ತುಪಾಕಿಯವರೂ ಕೋಟೆಯ ಮೇಲಿದ್ದವರತ್ತ ಗುಂಡು ಹಾರಿಸಿದ್ರು. ವಿಜಯನಗರದ ಲೆಕ್ಕವೂ ತ್ಲಾಷ್ಕಲಾದ ಲೆಕ್ಕವೂ ಒಂದೇ ಜಾತಿಯದು. ಹೊಸಬರು ಕೆಲವೇ ಜನ, ಆಯುಧ ಚೆನ್ನಾಗಿದೆ, ನಮ್ಮ ಜಗಳಕ್ಕೆ ಉಪಯೋಗ ಆಗ್ತಾರೆ.

ಅದನ್ನ ನಾವು ರಾಯನ ಮುತ್ಸದ್ದಿತನ ಅಂತೀವಿ. ಫಲ ಬೇರೆಯಾಗಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಬುದ್ಧಿವಂತಿಕೆಗೆ ಸಂಬಂಧಪಟ್ಟಿದ್ದೇ ಅಲ್ಲ. ಸಿಡುಬು ನಮ್ಮಲ್ಲಿ ಮೊದಲೇ ಇದ್ದ ರೋಗ. ಅದು ಹೊಸದಾಗಿ ಬಂದು ಇಡೀ ಊರನ್ನ ಮಲಗಿಸಲಿಲ್ಲ.

ಗೆದ್ದವರಿಗೆ ಸಿಕ್ಕಿದ್ದು

ಚಿನ್ನ ಎಲ್ಲಿದೆ ಹೇಳು ಅಂತ ಕ್ವಾವ್ತೆಮೊಕ್‌ನ ಪಾದ ಸುಟ್ಟರು, 1525ರಲ್ಲಿ ಗಲ್ಲಿಗೇರಿಸಿದ್ರು. ಮೈತ್ರಿ ಬೇಡ ಅಂದಿದ್ದ ಶಿಕೊತೆಂಕಾತ್ಲ್‌ನನ್ನ ಮುತ್ತಿಗೆಯ ಹೊತ್ತಲ್ಲೇ ಕೊರ್ತೆಸ್ ಕೊಲ್ಲಿಸಿದ್ದ.

ತ್ಲಾಷ್ಕಲಾಗೆ ಕೆಲವು ಸವಲತ್ತು ಸಿಕ್ಕವು, ನಿಜ. ಅವನ್ನ ಉಳಿಸಿಕೊಳ್ಳೋಕೆ ಅವರು ಅರ್ಜಿ ಮೇಲೆ ಅರ್ಜಿ ಹಾಕಬೇಕಾಯ್ತು. ಯುದ್ಧದಲ್ಲಿ ತಾವು ಮಾಡಿದ್ದನ್ನೆಲ್ಲ ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆಸಿದ್ರು, ಮರೆಯಬೇಡಿ ಅನ್ನೋ ಹಾಗೆ. ಪಕ್ಕದ ವೆಹೋತ್ಸಿಂಕೊ ಊರಿನವರೂ ಮಿತ್ರರೇ. 1560ರಲ್ಲಿ ಅಲ್ಲಿನ ಹಿರಿಯರು ನಾವಾತ್ಲ್‌ನಲ್ಲೇ ಸ್ಪೇನಿನ ರಾಜನಿಗೆ ಪತ್ರ ಬರೆದ್ರು. ನಿಮ್ಮವರಿಗೆ ಊಟ ಹಾಕಿದ್ವಿ, ಗಾಯಾಳುಗಳನ್ನ ಹೊತ್ವಿ, ಜೊತೆಗೆ ಸತ್ವಿ, ಈಗ ನಮ್ಮ ಮೇಲೇ ಇಷ್ಟು ತೆರಿಗೆ ಯಾಕೆ ಅನ್ನೋದು ಅದರ ತಾತ್ಪರ್ಯ. ಕಪ್ಪ ತಪ್ಪಿಸಿಕೊಳ್ಳೋಕೆ ಯುದ್ಧ ಮಾಡಿದವರು ನಲವತ್ತು ವರ್ಷದೊಳಗೆ ಇನ್ನೊಬ್ಬರಿಗೆ ಕಪ್ಪ ಕಟ್ಟುತ್ತಾ ಕೂತಿದ್ದರು. 1545ರಲ್ಲಿ, ಮತ್ತೆ 1576ರಲ್ಲಿ ಇನ್ನೂ ಭೀಕರ ಪಿಡುಗುಗಳು ಬಂದು ಗೆದ್ದವರ ಊರನ್ನೂ ಸೋತವರ ಊರನ್ನೂ ಖಾಲಿ ಮಾಡಿದವು.

ಇವತ್ತಿಗೂ ಮೆಕ್ಸಿಕೊದಲ್ಲಿ ಪರದೇಶಿ ವ್ಯಾಮೋಹ ಇರೋರನ್ನ ಮಲಿನ್ತ್ಸಿನ್ ಹೆಸರಿನಿಂದಲೇ ಬೈತಾರೆ. ಆದರೆ ಮಾರಾಟವಾಗಿ, ಆಮೇಲೆ ಕಾಣಿಕೆಯಾಗಿ ಕೈ ಬದಲಾದ ಹುಡುಗಿ ಯಾರಿಗೆ ದ್ರೋಹ ಮಾಡಬೇಕು? ದ್ರೋಹ ಅನ್ನೋಕೆ ಮೊದಲು 'ನಮ್ಮವರು' ಅಂತ ಒಂದು ಇರಬೇಕು. ಆ 'ನಮ್ಮವರು' 1521ರಲ್ಲಿ ಇರಲಿಲ್ಲ. ಸಾಮ್ರಾಜ್ಯ ಅದನ್ನ ಕಟ್ಟಲೇ ಇಲ್ಲ, ಕಪ್ಪ ಎಣಿಸಿಕೊಂಡೇ ಉಳೀತು.

ಇನ್ನೊಂದು ವಿಷಯ. ಅಜ್ಟೆಕ್‌ರು ನಾಶವಾದರು ಅಂತ ಸುಲಭಕ್ಕೆ ಹೇಳಿಬಿಡ್ತೀವಿ. ಉರುಳಿದ್ದು ಅರಸೊತ್ತಿಗೆ. ನಾವಾತ್ಲ್ ಮಾತಾಡೋರು ಇವತ್ತಿಗೂ ಮೆಕ್ಸಿಕೊದಲ್ಲಿ 16 ಲಕ್ಷಕ್ಕೂ ಹೆಚ್ಚಿದ್ದಾರೆ. ಮನೆಯಲ್ಲಿ ಆ ಭಾಷೆ, ಹೊರಗೆ ಸ್ಪ್ಯಾನಿಶ್. ಮಕ್ಕಳಿಗೆ ಯಾವುದನ್ನ ಕಲಿಸೋದು ಅನ್ನೋ ತಾಪತ್ರಯ ಅವರಿಗೂ ಇದೆ. ಅದು ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀವು ಆ ಸಭೆಯಲ್ಲಿದ್ದಿದ್ರೆ, ಅವತ್ತು ಗೊತ್ತಿದ್ದಷ್ಟೇ ಇಟ್ಟುಕೊಂಡು, ಯಾರ ಪರ ಕೈ ಎತ್ತುತ್ತಿದ್ರಿ? ಯೋಚಿಸಿ ಬರೀರಿ. ಮುಂದಿನ ಸಲ ಸಿಗೋಣ.