ಕಿಕ್ಕೇರಿಯ ಕವಿತೆ ಹಾಡಾದದ್ದು: ಸಂತೆಬಾಚಹಳ್ಳಿ ಸೀಮೆಯ ಗೀತಪರಂಪರೆಗೆ ಒಂದು ಜಪಾನೀ ಹೋಲಿಕೆ

ಸಂತೆಬಾಚಹಳ್ಳಿ, ಕಿಕ್ಕೇರಿ ಎರಡೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿಗಳು. ಈ ಸೀಮೆಯ ಹಾಡಿನ ಚರಿತ್ರೆ ಬರೆಯಹೊರಟವರಿಗೆ ಎರಡು ಬಗೆಯ ಸಾಮಗ್ರಿ ಸಿಗುತ್ತದೆ. ಒಂದು, ಸೋಬಾನೆ, ಬೀಸುವ ಪದ, ಕೋಲಾಟದ ಪದ. ಇವಕ್ಕೆ ಕಟ್ಟಿದವರ ಹೆಸರಿಲ್ಲ, ಇಸವಿಯಿಲ್ಲ. ಇನ್ನೊಂದು, 1915ರಲ್ಲಿ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆ, ಹೆಸರೂ ಉಂಟು, ಇಸವಿಯೂ ಉಂಟು. ಮೊದಲನೆಯದನ್ನು ಜಾನಪದದ ಅಧ್ಯಾಯಕ್ಕೂ ಎರಡನೆಯದನ್ನು ನವೋದಯದ ಅಧ್ಯಾಯಕ್ಕೂ ಹಂಚಿಬಿಡುವುದು ನಮ್ಮ ರೂಢಿ. ಸಾಹಿತ್ಯಚರಿತ್ರೆಗೆ ಅದು ಸಾಕಾದೀತು, ಹಾಡಿನ ಚರಿತ್ರೆಗೆ ಸಾಲದು.

ಹೆಸರಿಲ್ಲದ ಹಾಡಿಗೂ ಹಾಡುವವರಿದ್ದಾರೆ ಎಂಬುದನ್ನು ತೋರಿಸಿಕೊಟ್ಟವರು ಪಕ್ಕದ ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು. ತಮ್ಮ ಒಂದು ಸಂಗ್ರಹಕ್ಕೆ ಅವರು ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದೇ ಹೆಸರಿಟ್ಟರು. ಮುಂದೆ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು.

ಹೆಸರಿರುವ ಕವಿತೆಯ ಕಥೆ ಇದಕ್ಕೆ ತಿರುಗುಮುರುಗು. ‘ಮೈಸೂರ ಮಲ್ಲಿಗೆ’ 1942ರಲ್ಲಿ ಅಚ್ಚಾಯಿತು. ಓದುಬಲ್ಲವರ ಮನೆಗಳಲ್ಲಿ, ಮದುವೆಯ ಉಡುಗೊರೆಯಾಗಿ ಅದು ಹರಡಿತು. ಅದನ್ನು ಓದದವರ ಬಾಯಿಗೂ ತಲುಪಿಸಿದ್ದು ರಾಗ ಹಾಕಿದವರು. ಪಿ. ಕಾಳಿಂಗರಾಯರು ಕನ್ನಡ ಕವಿತೆಯನ್ನು ವೇದಿಕೆಗೆ ಏರಿಸಿದ್ದರು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಆ ದಾರಿಯನ್ನು ಹಿಗ್ಗಿಸಿದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದಮೇಲೆ ಭಾವಗೀತೆಗೆ ಕ್ಯಾಸೆಟ್ಟೇ ವಾಹನವಾಯಿತು. ಟಿ.ಎಸ್. ನಾಗಾಭರಣರ ‘ಮೈಸೂರ ಮಲ್ಲಿಗೆ’ ಚಿತ್ರಕ್ಕೆ ಅಶ್ವತ್ಥರ ಸಂಗೀತ. ಅದರ ಗೀತೆಗಳಿಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಪುಸ್ತಕಕ್ಕೆ ಸುಮಾರು ಐವತ್ತು ವರ್ಷ. ಕವಿತೆ ಅದೇ, ಕೇಳುವ ಜನ ಬೇರೆ.

ಕವಿತೆಗೊಂದು ಕಾಲ, ರಾಗಕ್ಕೊಂದು ಕಾಲ ಎಂಬ ಈ ಸಂಗತಿ ಜಪಾನಿನಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿಯ ಪ್ರತಿ ಮಗುವೂ ಬಲ್ಲ ‘ಅಕಾತೊಂಬೊ’ (ಕೆಂಪು ಏರೋಪ್ಲೇನ್ ಚಿಟ್ಟೆ) ಮಿಕಿ ರೊಫೂ 1921ರಲ್ಲಿ ಬರೆದ ಕವಿತೆ; ಯಮದಾ ಕೊಸಾಕು ಅದಕ್ಕೆ ರಾಗ ಹಾಕಿದ್ದು 1927ರಲ್ಲಿ. ಆ ಧಾಟಿಯಲ್ಲಿ ಬಳಕೆಯಾದದ್ದು ಐದೇ ಸ್ವರ, ನಮ್ಮ ಮೋಹನ ರಾಗದವೇ. ಇದರಿಂದ ಎರಡು ನಾಡುಗಳಿಗೂ ನಂಟು ಕಟ್ಟುವ ಉತ್ಸಾಹ ಬೇಡ. ಐದು ಸ್ವರದ ಹಾಡು ಲೋಕದಲ್ಲೆಲ್ಲ ಇದೆ. ಗಮನಿಸಬೇಕಾದ್ದು ವಸ್ತುವನ್ನು. ಬೆನ್ನಮೇಲೆ ಹೊತ್ತು ಆಡಿಸಿದ ಹುಡುಗಿ ಎಳವೆಯಲ್ಲೇ ಮದುವೆಯಾಗಿ ದೂರ ಹೋದ ನೆನಪು ಆ ಕವಿತೆಯಲ್ಲಿದೆ. ಹೆಣ್ಣು ಒಪ್ಪಿಸುವ ಹೊತ್ತಿನ ಸೋಬಾನೆಯದೂ ಇದೇ ಅಗಲಿಕೆ. ನರಸಿಂಹಸ್ವಾಮಿಯವರ ದಾಂಪತ್ಯಗೀತೆಗಳಲ್ಲಿ ತವರು ಮತ್ತೆ ಮತ್ತೆ ಬರುತ್ತದೆ. ಹೊಸ ಕವಿತೆಯನ್ನು ಜನ ತಮ್ಮದೆಂದು ಹಾಡಿಕೊಂಡದ್ದಕ್ಕೆ ಈ ಹಳೆಯ ವಸ್ತುವೂ ಒಂದು ಕಾರಣ ಎನ್ನಬಹುದು.

ಮುಂದಿನ ಘಟ್ಟದಲ್ಲಿ ಮಾತ್ರ ದಾರಿಗಳು ಕವಲೊಡೆಯುತ್ತವೆ. 1961ರಲ್ಲಿ ಸಕಾಮೊತೊ ಕ್ಯೂ ಹಾಡಿದ ಪಾಪ್ ಗೀತೆಯೊಂದು ‘ಸುಕಿಯಾಕಿ’ ಎಂಬ ಅಡುಗೆಯ ಹೆಸರು ಹೊತ್ತು 1963ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೆಯದಾಯಿತು. ಅದೂ ಜಪಾನೀ ಭಾಷೆಯಲ್ಲೇ. ಕನ್ನಡದಲ್ಲಿ ಆ ಜಾಗವನ್ನು ಸಿನಿಮಾ ಹಾಡು ಆಕ್ರಮಿಸಿತ್ತು. ಸ್ವತಂತ್ರ ಪಾಪ್ ಗಾಯನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ತಡವಾಗಿ; ಅದರಲ್ಲೂ ರಘು ದೀಕ್ಷಿತ್ ಆತುಕೊಂಡದ್ದು ಶಿಶುನಾಳ ಷರೀಫರ ತತ್ವಪದಗಳನ್ನು.

ಕವಿತೆ ಅಚ್ಚಾದ ಇಸವಿ ಗ್ರಂಥಾಲಯದಲ್ಲಿ ಸಿಗುತ್ತದೆ. ರಾಗ ಹಾಕಿದವರಾರು, ಮೊದಲು ಹಾಡಿದವರಾರು ಎಂಬುದು ಎಷ್ಟೋ ಸಲ ಉಳಿದಿರುವುದು ಕ್ಯಾಸೆಟ್ಟಿನ ಒಳಗಿಟ್ಟ ಚೀಟಿಯಲ್ಲಿ ಮಾತ್ರ. ಮನೆಯ ಅಟ್ಟದಲ್ಲಿ ಹಳೆಯ ಭಾವಗೀತೆ, ಜನಪದಗೀತೆಗಳ ಕ್ಯಾಸೆಟ್ಟು ಇಟ್ಟುಕೊಂಡಿರುವವರು ಟೇಪು ಕೆಟ್ಟಿದ್ದರೂ ಆ ಚೀಟಿಯನ್ನು ಎಸೆಯದೆ, ಒಂದು ಫೋಟೊ ತೆಗೆದು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ಕೊಡಬೇಕಾಗಿ ವಿನಂತಿ.